ಸದಾನಿಗೆ, ನಾವು ಬಿಟ್ಟು ಬಂದ ಬಲೆಯ ಬಗ್ಗೆ

ಸದಾ,

ಅಮೆರಿಕದ ಕೇಪ್ ಕಾಡ್ ದಂಡೆಯಿಂದ ನೀನು ಕಳಿಸಿದ ವಿಡಿಯೋ ಇಪ್ಪತ್ತು ಸಲವಾದರೂ ನೋಡಿದೆ. ಮೊದಲು ಬರೀ ನೀರು. ಆಮೇಲೆ ಎರಡು ಕವಲಾಗಿ ಚಿಮ್ಮುವ ತಿಮಿಂಗಿಲದ ಉಸಿರು, ಅದರ ಹಿಂದೆಯೇ ನಿನ್ನ "ಅಯ್ಯಯ್ಯೋ ಮಾರಾಯಾ!" ಡಬ್ಬಿ ಮಾಮನಿಗೆ ಕೇಳಿಸಿದೆ, ಕೂಗಿನಲ್ಲೇ ನಿನ್ನ ಗುರುತು ಹಿಡಿದರು.

ಇದನ್ನು ಎಲ್ಲರೂ ಓದುವಲ್ಲಿ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ಮಾತು ತಿರುಗಿಸಿಬಿಡುತ್ತಿ.

ಅವು ‘ರೈಟ್’ ಅನ್ನುವ ಜಾತಿಯ ತಿಮಿಂಗಿಲ ಅಂದೆಯಲ್ಲ, ಅಂದಿನಿಂದ ಅವುಗಳ ಬಗ್ಗೆಯೇ ಓದುತ್ತಿದ್ದೇನೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಉಳಿದಿರುವುದು 400ಕ್ಕಿಂತ ಕಡಿಮೆ. ನೂರಕ್ಕೆ 80ಕ್ಕೂ ಹೆಚ್ಚಿನವುಗಳ ಮೈಮೇಲೆ ಹಗ್ಗ ಕೊರೆದ ಗುರುತಿದೆಯಂತೆ. ಏಡಿ, ಲಾಬ್‌ಸ್ಟರ್ ಹಿಡಿಯುವ ಬೋನು ತಳದಲ್ಲಿ, ತೇಲುಬುರುಡೆ ಮೇಲೆ, ನಡುವೆ ಪ್ಲಾಸ್ಟಿಕ್ ಹಗ್ಗ. ಬಾಯಿ ತೆರೆದು ಮೇಯುತ್ತಾ ಬರುವ ಪ್ರಾಣಿಗೆ ಸುತ್ತಿಕೊಳ್ಳುವುದು ಅದೇ.

ಆ ತಿಮಿಂಗಿಲಗಳಲ್ಲಿ ಸ್ನೋ ಕೋನ್ ಅಂತ ಒಬ್ಬಳಿದ್ದಳು. 2020ರಲ್ಲಿ ಅವಳ ಮರಿ ಹಡಗಿನ ಪೆಟ್ಟು ತಿಂದು ಸತ್ತಿತ್ತು. 2021ರ ಮಾರ್ಚ್‌ನಲ್ಲಿ ನೀನು ನಿಂತಿದ್ದೆಯಲ್ಲ, ಅದೇ ಕೊಲ್ಲಿಯಲ್ಲಿ ಹಗ್ಗ ಸುತ್ತಿಕೊಂಡು ಕಂಡಳು. ಬಿಡಿಸಲು ಹೋದವರಿಗೆ ಒಂದಿಷ್ಟು ಕತ್ತರಿಸಲು ಆಯಿತು, ಪೂರ್ತಿ ಆಗಲಿಲ್ಲ. ಡಿಸೆಂಬರಿನಲ್ಲಿ ಅಮೆರಿಕದ್ದೇ ಜಾರ್ಜಿಯಾ ರಾಜ್ಯದ ಹತ್ತಿರ ಅದೇ ಹಗ್ಗ ಎಳೆದುಕೊಂಡು ಬಂದಳು, ಪಕ್ಕದಲ್ಲಿ ಹಸಿ ಮರಿ! ಮರುವರ್ಷ ಸೆಪ್ಟೆಂಬರಿನಲ್ಲಿ ನಾನ್‌ಟಕೆಟ್ ದ್ವೀಪದ ದಕ್ಷಿಣಕ್ಕೆ ಕಂಡಾಗ ಮೈಯೆಲ್ಲ ಸೊರಗಿತ್ತು, ಹೊಸ ಹಗ್ಗ ಸೇರಿಕೊಂಡಿತ್ತು. ಮರಿ ಇರಲಿಲ್ಲ.

ಅಲ್ಲಿಂದ ನನಗೆ ನಮ್ಮ ಬಲೆಯದ್ದೇ ಯೋಚನೆ. ಪಿಯುಸಿ ರಜೆಯಲ್ಲಿ ಅಪ್ಪನ ದೋಣಿಯಿಂದ ಬಿಟ್ಟದ್ದು ಬಂಡೆಗೆ ಸಿಕ್ಕಿಕೊಂಡಿತಲ್ಲ, ಅದು. ಕತ್ತಿ ಕೊಟ್ಟವನು ನೀನು, ಕೊಯ್ದವನು ನಾನು. "ಕಡಲಿಗೆ ಹೋಯ್ತು ಬಿಡು" ಅಂದರು ಅಪ್ಪ. ಅಜ್ಜನ ಕಾಲದ ಹತ್ತಿ ನೂಲಿನ ಬಲೆಯಾಗಿದ್ದರೆ ಕೊಳೆತು ಹೋಗುತ್ತಿತ್ತು. ನೈಲಾನ್ ಹಾಗಲ್ಲ. ಎಳೆಯುವವರು ಇಲ್ಲದಿದ್ದರೂ ಅದು ಮೀನು ಹಿಡಿಯುತ್ತಲೇ ಇರುತ್ತದೆ.

ನಿನಗೂ ಹೇಳದ ಮಾತು ಒಂದಿದೆ. ಇನ್ನರ್ಧ ಗಂಟೆ ಜಗ್ಗಿದ್ದರೆ ಅದು ಬಿಟ್ಟುಕೊಳ್ಳುತ್ತಿತ್ತು. ಕೈಗೆ ಸಡಿಲು ಗೊತ್ತಾಗುತ್ತಿತ್ತು. ಅಪ್ಪ ಕೇಳಿದಾಗ "ಆಗುವುದಿಲ್ಲ" ಅಂದೆ. ಚಳಿಯಾಗಿತ್ತು, ಮನೆಗೆ ಹೋಗಬೇಕಿತ್ತು, ಅಷ್ಟೇ. ಆ ಬಲೆಯ ಸಾಲ ತೀರಿಸಲು ಅವರಿಗೆ ಎರಡು ವರ್ಷ ಹಿಡಿಯಿತು. ಕೊನೆಯವರೆಗೂ ಅವರಿಗೆ ಹೇಳಲಿಲ್ಲ.

ಇರಲಿ ಮಾರಾಯ. ಅಮ್ಮ ಒಣಸಿಗಡಿ ಚಟ್ನಿ ಮಾಡಿಕೊಡುತ್ತಾಳಂತೆ, ಡಿಸೆಂಬರಿಗೆ ಬರುವಾಗ ಪೆಟ್ಟಿಗೆಯಲ್ಲಿ ಜಾಗ ಇಟ್ಟುಕೊಂಡು ಬಾ. ಮತ್ತೆ ತಿಮಿಂಗಿಲ ಕಂಡರೆ ವಿಡಿಯೋ ಕಳಿಸು. ಬಾಲ ಎತ್ತಿದಾಗ ಸರಿಯಾಗಿ ನೋಡು, ಹಗ್ಗ ಏನಾದರೂ ಇದೆಯಾ ಅಂತ.

ನಿನ್ನ,
ಕೊಯ್ದವನು