ಫ್ಯಾನಿನ ಸದ್ದಿಗೆ ಬೀಗ, ಪಾಸ್‌ವರ್ಡಿಗೆ ಡಂಗುರ

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ದೂರು ಪರಿಹಾರ ವಿಭಾಗ

ಮಾನ್ಯರೇ,

ವಿಷಯ: ನನ್ನದೇ ವಿಡಿಯೋವನ್ನು ಹಕ್ಕುಸ್ವಾಮ್ಯದ ಹೆಸರಿನಲ್ಲಿ ತೆಗೆದುಹಾಕಿರುವುದು ಮತ್ತು ನನ್ನ ಪಾಸ್‌ವರ್ಡನ್ನು ತಮ್ಮ ಸಿಬ್ಬಂದಿ ಫೋನಿನಲ್ಲಿ ಗಟ್ಟಿಯಾಗಿ ಓದಿ ಹೇಳಿರುವುದರ ಕುರಿತು.

ಉಲ್ಲೇಖ: ನನ್ನ ಮೂರು ಇಮೇಲ್‌ಗಳು, ಐದು ಫೋನ್ ಕರೆಗಳು, ಮತ್ತು ಅವಕ್ಕೆ ಉತ್ತರವಾಗಿ ಬಂದ ಒಂದೇ ಒಕ್ಕಣೆಯ ಎಂಟು ಕ್ಷಮಾಪಣೆಗಳು.

ನಾನು ಆರು ವರ್ಷಗಳಿಂದ ತಮ್ಮ ವಿಡಿಯೋ ಸೇವೆಗೆ ತಪ್ಪದೆ ಚಂದಾ ಕಟ್ಟುತ್ತಿರುವವನು. ಕಚೇರಿಯ ನೌಕರರಿಗೆ ಕಂಪ್ಯೂಟರ್ ಸುರಕ್ಷತೆಯ ಪಾಠ ಹೇಳುವುದು ನನ್ನ ಕೆಲಸ. ಆ ಪಾಠಗಳನ್ನು ಚಿತ್ರೀಕರಿಸಿ ತಮ್ಮಲ್ಲಿ ಇಡುತ್ತಾ ಬಂದಿದ್ದೇನೆ. ಈ ಪತ್ರವನ್ನು ಸಂಯಮದಿಂದ ಬರೆಯಬೇಕೆಂದು ನಿಶ್ಚಯಿಸಿಕೊಂಡಿದ್ದೇನೆ. ಮೊದಲ ಎರಡು ಕರಡುಗಳನ್ನು ಹರಿದುಹಾಕಿದ್ದು ಆ ಕಾರಣಕ್ಕಾಗಿಯೇ.

ತಾವು ತೆಗೆದುಹಾಕಿರುವ ವಿಡಿಯೋ 18 ನಿಮಿಷಗಳದ್ದು. ಅದರ ಹೆಸರು 'ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ'. ಏಳನೆಯ ನಿಮಿಷದಲ್ಲಿ, "ಈಗ ನಿಮ್ಮ ಪಾಸ್‌ವರ್ಡನ್ನು ಮನಸ್ಸಿನಲ್ಲೇ ಒಮ್ಮೆ ನೆನಪಿಸಿಕೊಳ್ಳಿ" ಎಂದು ಹೇಳಿ ನಾನು 11 ಸೆಕೆಂಡು ಸುಮ್ಮನಿದ್ದೇನೆ. ಆ ಹೊತ್ತಿನಲ್ಲಿ ಕೇಳಿಸುವುದು ನನ್ನ ತಲೆಯ ಮೇಲೆ ತಿರುಗುವ ಫ್ಯಾನಿನ ಸದ್ದು ಮಾತ್ರ. ಈ 11 ಸೆಕೆಂಡುಗಳು, ನಿದ್ದೆ ಬಾರದವರಿಗೆಂದು ಫ್ಯಾನಿನ ಸದ್ದನ್ನು ಎಂಟು ಗಂಟೆ ಮುದ್ರಿಸಿ ತಮ್ಮಲ್ಲಿ ಇಟ್ಟಿರುವ ಒಬ್ಬರ 'ಕೃತಿ'ಗೆ ಹೋಲುತ್ತವೆ ಎಂದು ತಮ್ಮ ಯಂತ್ರ ಪತ್ತೆಹಚ್ಚಿತು. ಅದೇ ರಾತ್ರಿ ವಿಡಿಯೋ ಮಾಯವಾಯಿತು, ಖಾತೆಗೆ ಬೀಗ ಬಿತ್ತು.

ತಮ್ಮ ನಿಯಮಾವಳಿ ತನಗೆ ಆಧಾರವೆಂದು ಹೆಸರಿಸುವುದು ಅಮೆರಿಕದ ಕಾಪಿರೈಟ್ ಕಾನೂನನ್ನು. ಧ್ವನಿಮುದ್ರಣದ ಮೇಲಿನ ಹಕ್ಕು ಆ ಒಂದು ಮುದ್ರಣಕ್ಕಷ್ಟೇ ಸೀಮಿತ. ಅದರಂತೆಯೇ ಕೇಳಿಸುವ ಬೇರೊಂದು ಸದ್ದನ್ನು ಇನ್ನೊಬ್ಬರು ಸ್ವತಂತ್ರವಾಗಿ ಮುದ್ರಿಸಿಕೊಂಡರೆ ಅದು ಉಲ್ಲಂಘನೆಯಲ್ಲ ಎಂದು ಆ ಕಾನೂನಿನಲ್ಲೇ ಇದೆ. ತಮ್ಮದೇ ನಿಯಮದ ಆಧಾರ ತಮಗೆ ತಿಳಿದಿರುತ್ತದೆ ಎಂದುಕೊಂಡಿರುವುದರಿಂದ ವಿವರಿಸಲು ಹೋಗುವುದಿಲ್ಲ. ಅವರ ಫ್ಯಾನ್ ಅವರದು, ನನ್ನ ಫ್ಯಾನ್ ನನ್ನದು. ಎರಡೂ ಗಾಳಿ ಬೀಸುತ್ತವೆ ಎಂಬುದನ್ನು ಬಿಟ್ಟರೆ ಅವುಗಳ ನಡುವೆ ಯಾವ ಒಪ್ಪಂದವೂ ಇಲ್ಲ.

ಇಂಥದ್ದು ನನಗೊಬ್ಬನಿಗೇ ಆಗಿಲ್ಲವೆಂದು ಬಲ್ಲೆ. ಹತ್ತು ಗಂಟೆಗಳ ಬರಿಯ 'ಸುಯ್' ಸದ್ದಿನ ಒಂದು ವಿಡಿಯೋದ ಮೇಲೆ ಐದು ಹಕ್ಕುಸ್ವಾಮ್ಯದ ದೂರುಗಳು ಬಿದ್ದಿದ್ದ ಸಂಗತಿ 2018ರ ಜನವರಿಯಲ್ಲಿ ಜಗತ್ತಿನೆಲ್ಲೆಡೆ ಸುದ್ದಿಯಾಯಿತು. 2012ರ ಆಗಸ್ಟ್‌ನಲ್ಲಿ ಕ್ಯೂರಿಯಾಸಿಟಿ ನೌಕೆ ಮಂಗಳನ ಮೇಲೆ ಇಳಿದ ಕೆಲವೇ ಹೊತ್ತಿನಲ್ಲಿ, ನಾಸಾ ಸಂಸ್ಥೆಯ ಸ್ವಂತ ವಿಡಿಯೋವೇ ಒಂದು ಸುದ್ದಿಸಂಸ್ಥೆಯ ದೂರಿನ ಕಾರಣ ಕಾಣೆಯಾಗಿತ್ತು. ನಾಸಾಕ್ಕೆ ಅದು ಕೆಲವು ಗಂಟೆಗಳಲ್ಲಿ ಮರಳಿ ಸಿಕ್ಕಿತು. ನಾನು ಮಂಗಳಕ್ಕೆ ಏನನ್ನೂ ಕಳಿಸದವನಾದ್ದರಿಂದ 41 ದಿನಗಳಿಂದ ಕಾಯುತ್ತಿದ್ದೇನೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ತಮ್ಮಲ್ಲಿ ಕಟ್ಟಿದ ಮೇಲೆ ಕರುವಿನ ಹಕ್ಕು ಯಾರದೆಂದು ಎತ್ತನ್ನೇ ಕೇಳುತ್ತಾರೆ. ಇಮೇಲ್ ಮೂಲಕ ನಾನು ಸಲ್ಲಿಸಿದ ಆಕ್ಷೇಪವನ್ನು ಪರಿಶೀಲನೆಗೆ ಕಳಿಸಿದ್ದು ದೂರು ಕೊಟ್ಟವರ ಬಳಿಗೇ. ಅವರು ತಮ್ಮ ದೂರು ಸರಿಯಾಗಿದೆ ಎಂದು ತೀರ್ಪಿತ್ತರು. ಇನ್ನುಳಿದ ದಾರಿ ವಿಧಿವತ್ತಾದ ಪ್ರತಿ-ನೋಟಿಸ್, ಎಂದರೆ ದೂರು ತಪ್ಪೆಂದು ಸಹಿ ಹಾಕಿ ಕೊಡುವ ಹೇಳಿಕೆ. ಅದು ತಲುಪಿದ ಮೇಲೆ ದೂರುದಾರ ನ್ಯಾಯಾಲಯಕ್ಕೆ ಹೋಗದಿದ್ದರೆ 10ರಿಂದ 14 ಕೆಲಸದ ದಿನಗಳೊಳಗೆ ವಿಡಿಯೋವನ್ನು ಮರಳಿ ಹಾಕಬೇಕೆಂದು ಅಮೆರಿಕದ 1998ರ ಡಿಜಿಟಲ್ ಮಿಲೆನಿಯಮ್ ಕಾಪಿರೈಟ್ ಕಾಯ್ದೆ ಹೇಳುತ್ತದೆ. ಆದರೆ ಪ್ರತಿ-ನೋಟಿಸಿನ ನಮೂನೆ ಇರುವುದು ಬೀಗ ಬಿದ್ದಿರುವ ನನ್ನ ಖಾತೆಯ ಒಳಗೆ! ಪೆಟ್ಟಿಗೆಯ ಕೀಲಿಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಜಡಿದವರ ಜಾಣತನವನ್ನು ನಾನು ಮೆಚ್ಚದೆ ಇರಲಾರೆ. ಬೀಗ ತೆಗೆಸಲು ಗುರುತಿನ ಪರಿಶೀಲನೆ ಆಗಬೇಕು, ಅದು ಫೋನಿನಲ್ಲೇ ಆಗಬೇಕು ಎಂದು ತಿಳಿಸಲಾಯಿತು. ಹೀಗೆ ನಾನು ಆ ಕರೆಗೆ ಬಂದು ತಲುಪಿದೆ.

ಅಂದು 38 ನಿಮಿಷ ಕಾಯ್ದೆ. ಆ ಹೊತ್ತಿನಲ್ಲಿ ಒಂದೇ ಕೊಳಲಿನ ತುಣುಕನ್ನು ಒಂಬತ್ತು ಸಲ ಕೇಳಿಸಿದಿರಿ. ಅದರ ಹಕ್ಕುಸ್ವಾಮ್ಯ ತಮ್ಮಲ್ಲಿದೆ ಎಂದು ನಂಬಿದ್ದೇನೆ. ಕಿವಿ ನೋಯತೊಡಗಿದ್ದರಿಂದ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದೆ. ಕೋಣೆಯಲ್ಲಿ ಏಳು ಮಂದಿ ಸಹೋದ್ಯೋಗಿಗಳಿದ್ದರು. ಏಳೂ ಮಂದಿ ಎರಡು ವಾರಗಳ ಹಿಂದಷ್ಟೇ ನನ್ನಿಂದ ಪಾಸ್‌ವರ್ಡ್ ಸುರಕ್ಷತೆಯ ಪಾಠ ಹೇಳಿಸಿಕೊಂಡಿದ್ದವರು.

ಕೊನೆಗೂ ಕರೆಗೆ ಸಿಕ್ಕ ಪ್ರತಿನಿಧಿ ತೀರಾ ಸೌಜನ್ಯದವರು. ಅವರ ಮೇಲೆ ನನಗೆ ಕೋಪವಿಲ್ಲ. "ಸಾರ್, ಖಾತೆ ನಿಮ್ಮದೇ ಅಂತ ಖಚಿತ ಮಾಡ್ಕೊಳ್ಳೋದಕ್ಕೆ ನಿಮ್ಮ ಪಾಸ್‌ವರ್ಡ್ ಹೇಳ್ತೀರಾ?" ಎಂದು ಕೇಳಿದರು. 'ನಮ್ಮ ಸಿಬ್ಬಂದಿ ಎಂದಿಗೂ ನಿಮ್ಮ ಪಾಸ್‌ವರ್ಡ್ ಕೇಳುವುದಿಲ್ಲ' ಎಂದು ತಮ್ಮ ಪ್ರತಿಯೊಂದು ಇಮೇಲಿನ ಅಡಿಯಲ್ಲೂ ದಪ್ಪಕ್ಷರಗಳಲ್ಲಿ ಬರೆದಿರುವುದನ್ನು ನಾನು ನೆನಪಿಸಿದೆ. ಅವರು ಕೊಂಚ ಯೋಚಿಸಿ, "ಹೌದು ಸಾರ್, ನೀವು ಹೇಳೋದು ಸರಿ. ನೀವು ಹೇಳ್ಬೇಡಿ. ನಾನೇ ಓದ್ತೀನಿ, ನೀವು ಹೌದು ಇಲ್ಲ ಅಷ್ಟೇ ಹೇಳಿ" ಎಂದರು.

ನಾನು ಸ್ಪೀಕರ್ ಆರಿಸುವಷ್ಟರಲ್ಲಿ ಅವರು ಆರಂಭಿಸಿಬಿಟ್ಟಿದ್ದರು. "ಬಿ ದೊಡ್ಡಕ್ಷರ, ಇ, ಎಲ್, ಎ, ಜಿ, ಇನ್ನೊಂದು ಜಿ, ಇ, ಆಮೇಲೆ ಅಂಕಿ ಐದು, ಕೆ, ಇನ್ನೊಂದು ಕೆ..." ಗಾಬರಿಯಲ್ಲಿ ನನ್ನ ಬೆರಳು ಒತ್ತಿದ್ದು ದನಿ ಹೆಚ್ಚಿಸುವ ಗುಂಡಿಯನ್ನು. "ಸಾಕು, ಸಾಕು" ಎಂದೆ. ನನಗೆ ಸರಿಯಾಗಿ ಕೇಳಿಸಲಿಲ್ಲವೆಂದು ತಿಳಿದು ಅವರು ಮತ್ತೆ ಮೊದಲಿನಿಂದ, ಈ ಬಾರಿ ನಿಧಾನವಾಗಿ, ಇಪ್ಪತ್ತೊಂದೂ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಕೊನೆಯ ಆಶ್ಚರ್ಯಸೂಚಕ ಚಿಹ್ನೆಯನ್ನೂ ಬಿಡಲಿಲ್ಲ. ಓದಿ ಮುಗಿಸಿದ ಮೇಲೆ ಅವರಿಗೇ ಅರ್ಥ ಹೊಳೆಯಿತು. "ಓ! ಬೆಳಗ್ಗೆ ಐದಕ್ಕೆ ಏಳು ಸೋಮಾರಿ! ಚೆನ್ನಾಗಿದೆ ಸಾರ್. ಏಳ್ತೀರಾ?" ಎಂದು ಕೇಳಿದರು.

ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳಿಸುವಂಥ ಮೌನವಿತ್ತು. ಫ್ಯಾನಿನ ಸದ್ದೊಂದಿತ್ತು, ಅದರ ಹಕ್ಕುಸ್ವಾಮ್ಯ ಯಾರದೆಂದು ತಮಗೆ ತಿಳಿದೇ ಇದೆ. ನಾನು ಪ್ರಾಮಾಣಿಕವಾಗಿ "ಇಲ್ಲ" ಎಂದೆ. ಆ "ಇಲ್ಲ"ವನ್ನು ಅವರು ಪರಿಶೀಲನೆಯ ಪ್ರಶ್ನೆಗೆ ಕೊಟ್ಟ ಉತ್ತರವೆಂದು ದಾಖಲಿಸಿಕೊಂಡರು. ಪಾಸ್‌ವರ್ಡ್ ಹೊಂದಾಣಿಕೆಯಾಗದ ಕಾರಣ ನನ್ನ ಖಾತೆಯನ್ನು ಸುರಕ್ಷತೆಯ ದೃಷ್ಟಿಯಿಂದ ಇನ್ನೂ 30 ದಿನ ಮುಚ್ಚಿಡಲಾಗಿದೆ ಎಂಬ ಸಂದೇಶ ಎರಡೇ ನಿಮಿಷಗಳಲ್ಲಿ ತಲುಪಿತು. ತಾವು ಈ ಪ್ರಕರಣದಲ್ಲಿ ತೋರಿದ ಚುರುಕುತನ ಇದೊಂದೇ. ಆ ದಿನದಿಂದ ಕಚೇರಿಗೆ ನಾನು ಎಷ್ಟು ಹೊತ್ತಿಗೆ ಹೋದರೂ ಯಾರಾದರೊಬ್ಬರು ಗಡಿಯಾರ ನೋಡುತ್ತಾರೆ.

ಪ್ರತಿನಿಧಿಯ ಪರದೆಯ ಮೇಲೆ ನನ್ನ ಪಾಸ್‌ವರ್ಡ್ ಹೇಗೆ ಬಂತು ಎಂಬುದು ನನ್ನ ಮುಖ್ಯ ದೂರು. ಪಾಸ್‌ವರ್ಡನ್ನು ಇದ್ದ ಹಾಗೆಯೇ ಕೂಡಿಡಬಾರದು. ಹಿಂದಕ್ಕೆ ತಿರುಗಿಸಲಾಗದ ಗಣಿತಕ್ರಿಯೆಗೆ ಒಳಪಡಿಸಿ, ಬಂದ ಫಲಿತವನ್ನು, ಎಂದರೆ ಹ್ಯಾಶನ್ನು, ಮಾತ್ರ ಇಟ್ಟುಕೊಳ್ಳಬೇಕು. ಅದಕ್ಕೂ ಮೊದಲು ಪ್ರತಿಯೊಂದಕ್ಕೂ ಬೇರೆ ಬೇರೆ 'ಸಾಲ್ಟ್', ಎಂದರೆ ಗೊತ್ತುಗುರಿಯಿಲ್ಲದೆ ಆಯ್ದ ಒಂದಿಷ್ಟು ಅಕ್ಷರಗಳನ್ನು, ಬೆರೆಸಬೇಕು ಎಂಬುದನ್ನೆಲ್ಲ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಅನುಭವದಿಂದ 1979ರಲ್ಲೇ ಬರೆದಿಟ್ಟಿದ್ದಾರೆ. ಹಾಗೆ ಇಟ್ಟುಕೊಂಡ ಸಂಸ್ಥೆಯ ಸಿಬ್ಬಂದಿಗೆ ಗ್ರಾಹಕರ ಪಾಸ್‌ವರ್ಡನ್ನು ಓದಿ ಹೇಳುವ ಆಸೆಯಿದ್ದರೂ ಸಾಧ್ಯವಾಗುವುದಿಲ್ಲ. ಹಾಗೆ ಇಟ್ಟುಕೊಳ್ಳದ ರಾಕ್‌ಯೂ ಎಂಬ ಕಂಪನಿಯಿಂದ 2009ರಲ್ಲಿ 3.2 ಕೋಟಿ ಪಾಸ್‌ವರ್ಡ್‌ಗಳು ಬಿಚ್ಚಿಟ್ಟ ಪುಸ್ತಕದಂತೆ ಕಳವಾದವು. ಹಕ್ಕುಸ್ವಾಮ್ಯದ ಯಂತ್ರ ಸದ್ದಿನ ಬೆರಳಚ್ಚು ತೆಗೆಯುವುದೂ ಹೆಚ್ಚುಕಡಿಮೆ ಹ್ಯಾಶ್ ಮಾಡಿದಂತೆಯೇ. ಅಂದರೆ ಆ ವಿದ್ಯೆ ತಮ್ಮಲ್ಲಿ ಇಲ್ಲದೆ ಇಲ್ಲ. ನನ್ನ ಫ್ಯಾನಿಗೆ ತೋರಿದ ಆ ಗೌರವವನ್ನು ನನ್ನ ಪಾಸ್‌ವರ್ಡಿಗೂ ತೋರಿಸಬಹುದಿತ್ತಲ್ಲವೇ?

ಇಷ್ಟರ ನಡುವೆ ಮೊನ್ನೆ ತಮ್ಮಿಂದ ಒಂದು ಎಚ್ಚರಿಕೆ ಬಂದಿದೆ: 90 ದಿನ ತುಂಬುತ್ತಿರುವುದರಿಂದ ಪಾಸ್‌ವರ್ಡ್ ಬದಲಾಯಿಸಬೇಕಂತೆ. ಏಳು ಮಂದಿಗೆ ಬಾಯಿಪಾಠವಾಗಿರುವ ಪಾಸ್‌ವರ್ಡನ್ನು ಬದಲಾಯಿಸಲು ನನಗಿಂತ ಆತುರವಿರುವವರು ಬೇರೆ ಯಾರೂ ಇರಲಾರರು. ಆದರೆ ಖಾತೆಗೆ ಬೀಗ ಹಾಕಿರುವವರು ತಾವು. ಅಂಕಿ, ಚಿಹ್ನೆ ಬೆರೆಸಿರಿ, ಆಗಾಗ ಬದಲಿಸಿರಿ ಎಂಬ ಸಲಹೆಯನ್ನು 2003ರಲ್ಲಿ ಮಾನಕಗಳನ್ನು ಗೊತ್ತುಪಡಿಸುವ ಅಮೆರಿಕದ ನಿಸ್ಟ್ ಸಂಸ್ಥೆಗಾಗಿ ಬರೆದ ಬಿಲ್ ಬರ್ ಅವರೇ 2017ರಲ್ಲಿ ಅದಕ್ಕೆ ಪಶ್ಚಾತ್ತಾಪ ಪಟ್ಟರು, ಸಂಸ್ಥೆಯೂ ಅದೇ ವರ್ಷ ಆ ಸಲಹೆಯನ್ನು ಕೈಬಿಟ್ಟಿತು. ಈ ಸುದ್ದಿ ತಮ್ಮಲ್ಲಿಗೆ ತಲುಪುವ ದಾರಿಯಲ್ಲೂ ಕೊಳಲಿನ ತುಣುಕು ಕೇಳುತ್ತಾ ಕುಳಿತಿರಬಹುದು.

ವಿಡಿಯೋವನ್ನು ಮರಳಿ ಹಾಕಬೇಕು, ಖಾತೆಯ ಬೀಗ ತೆಗೆಯಬೇಕು, ಪಾಸ್‌ವರ್ಡ್‌ಗಳನ್ನು ಹ್ಯಾಶ್ ಮಾಡಿಟ್ಟಿರುವ ಬಗ್ಗೆ ಲಿಖಿತ ಉತ್ತರ ಕೊಡಬೇಕು ಎಂಬುದು ನನ್ನ ಕೋರಿಕೆ. ಇದಾವುದೂ ಆಗುವ ನಂಬಿಕೆ ಉಳಿದಿಲ್ಲವಾದ್ದರಿಂದ, ಏಳು ದಿನಗಳ ನಂತರ ನಾನು ಕೈಗೊಳ್ಳಲಿರುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ತಿಳಿಸುತ್ತೇನೆ. ದತ್ತಾಂಶ ರಕ್ಷಣಾ ಮಂಡಳಿಗೂ ಗ್ರಾಹಕ ವ್ಯಾಜ್ಯಗಳ ಆಯೋಗಕ್ಕೂ ದೂರು ಹೋಗುವುದು ಇದ್ದದ್ದೇ. ಅದಲ್ಲದೆ, ನನ್ನ ಫ್ಯಾನಿನ ಸದ್ದನ್ನು ಒಂಬತ್ತು ಗಂಟೆಗಳ ಕಾಲ, ಎಂದರೆ ಆ ದೂರುದಾರರಿಗಿಂತ ಒಂದು ಗಂಟೆ ಹೆಚ್ಚಾಗಿ, ಈಗಾಗಲೇ ಮುದ್ರಿಸಿಟ್ಟುಕೊಂಡಿದ್ದೇನೆ. 'ನಿಮ್ಮ ನಂಬಿಕೆಯೇ ನಮ್ಮ ಆಸ್ತಿ' ಎಂಬ ತಮ್ಮ ಪ್ರಚಾರದ ವಿಡಿಯೋದ ಕೊನೆಯಲ್ಲಿ ತಮ್ಮ ಮುಖ್ಯಸ್ಥರು ಐದು ಸೆಕೆಂಡು ಮಾತಿಲ್ಲದೆ ನಗುತ್ತಾರೆ. ಹಿಂದೆ ಎಲ್ಲೋ ಒಂದು ಯಂತ್ರ ಗುಂಯ್‌ಗುಡುತ್ತಿರುತ್ತದೆ. ತಿಳಿದೂ ಸುಳ್ಳು ದೂರು ಕೊಟ್ಟವನು ನಷ್ಟ ಕಟ್ಟಿಕೊಡಬೇಕೆಂದು ಅದೇ 1998ರ ಕಾಯ್ದೆ ಹೇಳುತ್ತದೆ, ಹಾಗಾಗಿ ನಾನು ದೂರು ಕೊಡುವುದಿಲ್ಲ. ನನ್ನ ಒಂಬತ್ತು ಗಂಟೆಗಳನ್ನು ತಮ್ಮ ಯಂತ್ರಕ್ಕೆ ಒಪ್ಪಿಸಿ, ಹೋಲಿಕೆ ಕಾಣುವ ಕೆಲಸವನ್ನು ಅದಕ್ಕೇ ಬಿಡುತ್ತೇನೆ. ತಮ್ಮ ಆಕ್ಷೇಪ ನಿಯಮದಂತೆ ಪರಿಶೀಲನೆಗೆ ನನ್ನ ಬಳಿಗೇ ಬರುತ್ತದೆ. ಅದಕ್ಕೆ ತೀರ್ಪು ಬರೆಯಲು ಮಾತ್ರ ನಾನು ಖಂಡಿತವಾಗಿ ಬೆಳಗ್ಗೆ ಐದಕ್ಕೆ ಏಳುತ್ತೇನೆ.

ಇಂತಿ,
ತಮ್ಮ ನೊಂದ ಚಂದಾದಾರ

ಅಡಕ: ಎಂಟು ಕ್ಷಮಾಪಣೆಗಳ ಪ್ರತಿ, 11 ಸೆಕೆಂಡುಗಳ ಮೂಲ ಧ್ವನಿಮುದ್ರಣ. ಪಾಸ್‌ವರ್ಡನ್ನು ಲಗತ್ತಿಸಿಲ್ಲ; ಅದು ತಮ್ಮ ಸಿಬ್ಬಂದಿಯ ಪರದೆಯ ಮೇಲೆ ಲಭ್ಯವಿದೆ.