ಫೈರ್‌ವಾಲ್ ಉಜ್ಜಬೇಡ

ಪೊನ್ನಂಪೇಟೆ

ಪ್ರೀತಿಯ ಪುಟ್ಟೂಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಟ್ಟುತ್ತಿರುವ ಮಾದರಿ ವಿಮಾನದ ಫೋಟೊ ನೋಡಿದೆ. ಫೈರ್‌ವಾಲ್, ಅಂದರೆ ಎಂಜಿನ್ ಕೂರಿಸುವ ಮುಂದಿನ ಪ್ಲೈವುಡ್ ಹಲಗೆ, ಬಲಕ್ಕೆ ಸೊಟ್ಟ ಇದೆ, ಉಜ್ಜಿ ನೇರ ಮಾಡ್ತೀನಿ ಅಂತ ಬರೆದಿದ್ದೀಯ. ದಯವಿಟ್ಟು ಉಜ್ಜಬೇಡ. ಅದನ್ನು ಬೇಕೂಂತಲೇ ಹಾಗೆ ಕೂರಿಸಿರುತ್ತಾರೆ.

ವಿಮಾನದ ಹಿಂದೆ ನಿಂತು ನೋಡಿದರೆ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಅದಕ್ಕೆ ಎದುರಾಗಿ ವಿಮಾನ ಎಡಕ್ಕೆ ವಾಲುತ್ತದೆ. ಪ್ರೊಪೆಲ್ಲರ್ ತಳ್ಳಿದ ಗಾಳಿಯೂ ಸುತ್ತುತ್ತಾ ಹೋಗಿ ಬಾಲದ ಎಡಮಗ್ಗುಲಿಗೆ ಬಡಿಯುತ್ತದೆ, ಮೂಗು ಎಡಕ್ಕೆ ಹೊರಳುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟು ನಿಧಾನಕ್ಕೆ ಮೇಲೇರುವಾಗ ಇದು ಜಾಸ್ತಿ. ನಮ್ಮ ಗದ್ದೆಯ ಅಂಚಿಗೆಲ್ಲ ಸಿಲ್ವರ್ ಓಕ್ ಮರಗಳು, ನಿನಗೆ ಗೊತ್ತೇ ಇದೆ. ಏರುವಾಗಲೇ ಎಡಕ್ಕೆ ಎಳೆದರೆ ನೇರ ಮರಕ್ಕೇ.

ರಡ್ಡರ್ ಟ್ರಿಮ್‌ನಲ್ಲಿ, ಅಂದರೆ ಬಾಲದ ಚುಕ್ಕಾಣಿಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿಟ್ಟು, ಸರಿ ಮಾಡಬಹುದಲ್ವಾ ಅಂತ ಕೇಳಬಹುದು. ಥ್ರಾಟಲ್ ಇಳಿಸಿದ ಕೂಡಲೇ ಅದೇ ಟ್ರಿಮ್ ವಿಮಾನವನ್ನು ಬಲಕ್ಕೆ ಎಳೆಯುತ್ತದೆ. ಎಂಜಿನ್ನೇ ಎರಡು ಡಿಗ್ರಿ ಬಲಕ್ಕೆ ತಿರುಗಿದ್ದರೆ ಎಳೆತ ಹೆಚ್ಚಿದಾಗ ತಿದ್ದುವುದೂ ಹೆಚ್ಚು, ಕಮ್ಮಿಯಾದಾಗ ಕಮ್ಮಿ. ಕಲಿಯುವವರ ವಿಮಾನ ಥ್ರಾಟಲ್ ಕೊಟ್ಟಾಗ ಮೂಗೆತ್ತುತ್ತದೆ, ಅದಕ್ಕೇ ಎಂಜಿನ್ ಸ್ವಲ್ಪ ಕೆಳಮುಖವಾಗಿಯೂ ಇರಬೇಕು.

ಇನ್ನು ಮೌಂಟ್, ಎಂಜಿನ್ನನ್ನು ಫೈರ್‌ವಾಲಿಗೆ ಹಿಡಿದಿಡುವ ಚೌಕಟ್ಟು. ಅದನ್ನು ಫೈರ್‌ವಾಲಿನ ನಡುಗೆರೆಗೆ ಸರಿಯಾಗಿ ಕೂರಿಸಬೇಡ. ಫೈರ್‌ವಾಲ್‌ನಿಂದ ಪ್ರೊಪೆಲ್ಲರ್‌ವರೆಗೆ 110 ಮಿ.ಮೀ. ಇದ್ದರೆ, ಎರಡು ಡಿಗ್ರಿ ತಿರುಗಿದ ಎಂಜಿನ್ನಿನ ಮೂತಿ ಸುಮಾರು 4 ಮಿ.ಮೀ. ಬಲಕ್ಕೆ ಹೋಗಿರುತ್ತದೆ. ಮೌಂಟನ್ನು ಅಷ್ಟೇ ಎಡಕ್ಕೆ ಸರಿಸಿದರೆ ಸ್ಪಿನ್ನರ್, ಅಂದರೆ ಪ್ರೊಪೆಲ್ಲರಿನ ನಡುವಿನ ಮೊನಚು ಟೋಪಿ, ನಡುವಿಗೆ ಬರುತ್ತದೆ. ಕಿಟ್‌ನಲ್ಲಿ ಗುರುತು ಇದ್ದರೂ ನೀನೇ ಅಳೆದು ನೋಡು.

ಅಳೆಯಲು ಹೊಲಿಗೆ ನೂಲು ಸಾಕು. ಎಂಜಿನ್ ಹೊತ್ತಿಸುವ ಗ್ಲೋ ಪ್ಲಗ್‌ಗೆ ಬ್ಯಾಟರಿ ತಾಗಿಸಿರಬೇಡ. ಬಾಲದ ಕೊನೆಯ ನಡುವಿನಲ್ಲಿ ಗುಂಡುಪಿನ್ ಚುಚ್ಚಿ ನೂಲು ಕಟ್ಟು. ಪ್ರೊಪೆಲ್ಲರನ್ನು ಅಡ್ಡಕ್ಕೆ ನಿಲ್ಲಿಸಿ, ಎಡ ತುದಿಯವರೆಗೆ ನೂಲೆಳೆದು ಪೆನ್ನಿನಲ್ಲಿ ಗುರುತು ಹಾಕು. ಆಮೇಲೆ ಬಲ ತುದಿಗೆ ಹಿಡಿ. 10 ಇಂಚಿನ ಪ್ರೊಪೆಲ್ಲರಿಗೆ ಎರಡು ಡಿಗ್ರಿ ಅಂದರೆ ಎಡಗಡೆಯ ನೂಲು ಸುಮಾರು 9 ಮಿ.ಮೀ. ಉದ್ದ ಬರಬೇಕು. ಕಮ್ಮಿ ಬಂದರೆ ಎಡಗಡೆಯ ಎರಡು ಬೋಲ್ಟಿಗೆ, ಮೌಂಟಿನ ಹಿಂದೆ, ತೆಳ್ಳನೆ ವಾಷರ್ ಹಾಕು. ಕೆಳಮುಖ ಬೇಕಾದರೆ ಮೇಲಿನ ಎರಡಕ್ಕೆ.

ಈ ಮಳೆಯಲ್ಲಿ ಪ್ಲೈವುಡ್ ತೇವ ಎಳೆದುಕೊಳ್ಳುತ್ತದೆ. ಮುಂದೆ ಎಂಜಿನ್ನಿನ ಎಣ್ಣೆಯೂ ಇಳಿಯುತ್ತದೆ. ಮರ ಮೆತ್ತಗಾಯಿತೋ, ಬೋಲ್ಟ್ ಎಷ್ಟು ಬಿಗಿದರೂ ನಿಲ್ಲಲ್ಲ. ಅದಕ್ಕೇ ತೂತು ಕೊರೆದ ಮೇಲೆ ಫೈರ್‌ವಾಲಿಗೂ ತೂತಿನ ಒಳಗೂ ಎಪಾಕ್ಸಿ ಅಂಟು ತೆಳ್ಳಗೆ ಸವರು. ಒಣಗಿದ ಮೇಲೆ ಮರಕ್ಕೆ ಕಚ್ಚಿಕೊಳ್ಳುವ ಹಲ್ಲಿನ ಬ್ಲೈಂಡ್ ನಟ್ ಹಿಂದಿನಿಂದ ಇಟ್ಟು ಬೋಲ್ಟಿನಿಂದಲೇ ಎಳೆದು ಕೂರಿಸು. ಸುತ್ತಿಗೆಯಲ್ಲಿ ಹೊಡೆದರೆ ಪ್ಲೈ ಸೀಳುತ್ತದೆ. ಇಂಧನದ ಟ್ಯಾಂಕ್ ಕೂಡ ಈಗಲೇ ನೋಡಿಕೋ, ಅದರ ನಡುಮಟ್ಟ ಇಂಧನ ಹದ ಮಾಡುವ ನೀಡಲ್ ವಾಲ್ವಿನ ಸಮಕ್ಕೋ ಸ್ವಲ್ಪ ಕೆಳಗೋ ಇರಲಿ.

ಅವಸರ ಏನೂ ಇಲ್ಲ. ಹುತ್ತರಿ ಸುಗ್ಗಿಹಬ್ಬ ಕಳೆದು ಗದ್ದೆ ಒಣಗುವವರೆಗೆ ಇಲ್ಲಿ ಹಾರಿಸಲು ಜಾಗವೇ ಇರುವುದಿಲ್ಲ. ನೂಲಿನ ಅಳತೆ ಎಷ್ಟು ಬಂತು ಅಂತ ನನಗೆ ತಿಳಿಸು. ಬೋಲ್ಟಿಗೆ ಸಡಿಲವಾಗದಂತೆ ಲಾಕ್‌ಟೈಟ್ ಅಂಟು ಹಚ್ಚೋದು ಆಮೇಲೆ.

ನಿನ್ನ
ದೊಡ್ಡಪ್ಪ