ಮೊದಲು ಅವರ ಮನೆಗೆ ಹೋಗಿ ಚಹಾ ಕುಡಿ

ಬೆಟಗೇರಿ, ಗದಗ
ಭಾನುವಾರ ಸಂಜೆ

ತಮ್ಮಾ,

ನೀನು ವಾಟ್ಸಾಪ್ ಗುಂಪಿಗೆ ಹಾಕಿದ ಆ ಏಳು ನಿಮಿಷದ ವಾಯ್ಸ್ ಮೆಸೇಜ್ ಮೂರ್ನಾಲ್ಕು ಜನರ ಫೋನ್ ದಾಟಿ ನನಗೂ ಬಂತು. ಎರಡು ಸಲ ಕೇಳಿದೆ. ನಮ್ಮ ಹಳೇ ಚರ್ಚಿನ ಸಭೆಯ ಪಾದ್ರಿ ಅಯ್ಯನವರು ಬರೆದುಕೊಂಡು ಬಂದದ್ದನ್ನೇ ಓದುತ್ತಾರೆ, ಕಮಿಟಿಯವರು ಎಲೆಕ್ಷನ್ ಬಂದಾಗ ಮಾತ್ರ ಮನೆ ಬಾಗಿಲಿಗೆ ಬರುತ್ತಾರೆ, ಆರಾಧನೆಯಲ್ಲಿ ಜೀವ ಇಲ್ಲ ಅಂತೆಲ್ಲ ಹೇಳಿದ್ದೀಯ. ಕಮಿಟಿ ಬಗ್ಗೆ ನೀನು ಹೇಳಿದ್ದು ಕಡಿಮೆಯೇ ಆಯಿತು, ನಾನಾಗಿದ್ದರೆ ಇನ್ನೂ ನಾಲ್ಕು ಮಾತು ಸೇರಿಸುತ್ತಿದ್ದೆ. ಆದರೆ ಒಂದು ಕೇಳುತ್ತೇನೆ. ಆ ಅಯ್ಯನವರ ಮನೆಗೆ ನೀನು ಎಷ್ಟು ಸಲ ಹೋಗಿದ್ದೀಯ? ಇದರಲ್ಲಿ ಒಂದು ಮಾತನ್ನಾದರೂ ಅವರ ಎದುರಿಗೆ ಕೂತು ಹೇಳಿದ್ದೀಯಾ?

ಬೈಬಲಿನ ಅಪೊಲ್ಲೋಸನ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ನಿನಗೆ ಹೇಳಿಕೊಟ್ಟವಳು ನಾನೇ. ಅಲೆಕ್ಸಾಂದ್ರಿಯದವನು, ಭಾರೀ ಮಾತುಗಾರ, ಗ್ರಂಥ ಬಲ್ಲವನು, ಎಫೆಸಕ್ಕೆ ಬಂದು ಧೈರ್ಯವಾಗಿ ಮಾತಾಡುತ್ತಿದ್ದ. ಆದರೆ ಯೇಸುವಿಗೆ ದಾರಿ ಮಾಡಿದ ಯೋಹಾನನ ದೀಕ್ಷಾಸ್ನಾನ ಬಿಟ್ಟರೆ ಬೇರೆ ದೀಕ್ಷಾಸ್ನಾನ ಅವನಿಗೆ ಗೊತ್ತಿರಲಿಲ್ಲ. ಕೆಳಗೆ ಕೂತು ಕೇಳುತ್ತಿದ್ದವರಲ್ಲಿ ಡೇರೆ ಹೊಲಿಯುವ ಗಂಡ ಹೆಂಡತಿ ಇದ್ದರು, ಅಕ್ವಿಲ ಮತ್ತು ಪ್ರಿಸ್ಕಿಲ್ಲ. ಕೊರತೆ ಅವರ ಕಿವಿಗೆ ಬಿತ್ತು. ಅಲ್ಲೇ ಎದ್ದು ನಿಂತು ತಪ್ಪು ತೋರಿಸಲಿಲ್ಲ. ತಮ್ಮ ಜೊತೆ ಕರೆದುಕೊಂಡು ಹೋಗಿ ಬಿಡಿಸಿ ಹೇಳಿದರು. ಅಷ್ಟು ದೊಡ್ಡ ಮಾತುಗಾರ ಡೇರೆ ಹೊಲಿಯುವವರಿಂದ ಕಲಿತನಲ್ಲ, ಅದೇ ನನಗೆ ಹೆಚ್ಚು ಹಿಡಿಸುವುದು. ನೀನು ಓದಿದ ಕಾಲೇಜಿಗೆ ಯಾರ ಹೆಸರು ಬಂತೋ, ಆ ಜರ್ಮನಿಯ ಪಾದ್ರಿ ಕಿಟೆಲ್ ಸಾಹೇಬರೂ 1853ರಲ್ಲಿ ಬಂದದ್ದು ನಮಗೆ ಉಪದೇಶ ಮಾಡಲಿಕ್ಕೆ. ಬಂದವರು ನಮ್ಮ ಜನರ ಮಾತು, ಗಾದೆ ಕೇಳಿಸಿಕೊಳ್ಳುತ್ತ ಬರೆದುಕೊಳ್ಳುತ್ತ ಕೂತರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಕೇಳಿಸಿಕೊಳ್ಳಲಿಕ್ಕೆ ಅಷ್ಟು ವರ್ಷ ಬೇಕಾಯಿತು ಅವರಿಗೆ. ನಿನಗೆ ಏಳು ನಿಮಿಷ ಸಾಕಾಯಿತು.

ಬೇಜಾರು ಮಾಡಿಕೊಳ್ಳಬೇಡ, ಇದೇ ತಪ್ಪು ನಾನೂ ಮಾಡಿದ್ದೇನೆ. ಒಂದು ವರ್ಷ ಸುಗ್ಗಿ ಹಬ್ಬದ ಹರಾಜಿನ ಲೆಕ್ಕ ನೋಡಿದೆ. ಕುಂಬಳಕಾಯಿ, ಜೋಳದ ಚೀಲ, ಕೋಳಿ, ಎಲ್ಲರೂ ಜಿದ್ದಿಗೆ ಬಿದ್ದು ಕೂಗಿದ್ದರು, ಆದರೆ ಪುಸ್ತಕದಲ್ಲಿ ಬರೆದ ಮೊತ್ತ ತೀರಾ ಕಡಿಮೆ. ನಾನು ಯಾರನ್ನೂ ಕೇಳಲಿಲ್ಲ. ಆರಾಧನೆ ಮುಗಿದ ಮೇಲೆ ಎಲ್ಲರ ಮುಂದೆ ಎದ್ದು ನಿಂತು, ದೇವರ ದುಡ್ಡು ಎಲ್ಲಿ ಹೋಯಿತು ಅಂದೆ. ನಾಲ್ಕು ಜನ ತಲೆಯಾಡಿಸಿದರು. ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಗೊತ್ತಾಯಿತು, ರಸೀದಿ ಪುಸ್ತಕ ಎರಡಿದ್ದವು. ನಾನು ನೋಡಿದ್ದು ಒಂದೇ. ಲೆಕ್ಕ ಬರೆಯುತ್ತಿದ್ದ ಹಿರಿಯರು ಒಂದು ಮಾತೂ ಆಡದೆ ಎರಡನೆಯದನ್ನು ತಂದು ನನ್ನ ಕೈಯಲ್ಲಿ ಇಟ್ಟರು. ಮುಂದಿನ ವರ್ಷ ಅವರು ಲೆಕ್ಕದ ಕೆಲಸ ಬಿಟ್ಟರು. ನನ್ನ ಪ್ರಶ್ನೆ ತಪ್ಪಾಗಿರಲಿಲ್ಲ, ಲೆಕ್ಕ ಕೇಳಲೇಬೇಕು. ಆದರೆ ಹಿಂದಿನ ಸಂಜೆ ಅವರ ಮನೆಗೆ ಹೋಗಿ ಕೇಳಿದ್ದರೆ ಒಂದು ಕಪ್ ಚಹಾದಲ್ಲಿ ಮುಗಿಯುತ್ತಿತ್ತು. ನನಗೆ ಲೆಕ್ಕಕ್ಕಿಂತ ಜಾಸ್ತಿ, ಎಲ್ಲರೂ ನನ್ನ ಕಡೆ ನೋಡುವುದು ಬೇಕಾಗಿತ್ತು.

ಇನ್ನು ನೀನು ಈಗ ಆರಾಧನೆಗೆ ಹೋಗುವ ಹುಬ್ಬಳ್ಳಿಯ ಆ ಹೊಸ ಸಭೆಯ ಹಾಲ್. ಹೋಗಬೇಡ ಅನ್ನುವುದಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದಾಗ ನಮ್ಮದೂ ಹೊಸ ಸಭೆಯೇ ಆಗಿತ್ತು. ಕೀಬೋರ್ಡ್, ಡ್ರಮ್ಸ್, ಲೈಟು ನನ್ನ ಕಿವಿಗೆ ಆಗುವುದಿಲ್ಲ, ಆದರೆ ಅದು ನನ್ನ ವಯಸ್ಸಿನ ದೂರು. ನಾನು ಹೇಳುವುದು ತಕ್ಕಡಿಯ ಬಗ್ಗೆ. ಹಳೇ ಸಭೆಯನ್ನು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಿದೆ, ಅದರಲ್ಲೇ ಹೊಸದನ್ನೂ ತೂಗು. ಕಾಣಿಕೆ ಎಣಿಸುವವರು ಯಾರು, ಒಬ್ಬರೋ ಮೂವರೋ? ಅಪೊಸ್ತಲ ಪೌಲ ಯೆರೂಸಲೇಮಿಗೆ ಹಣ ಕಳಿಸುವಾಗ ತಾನೊಬ್ಬನೇ ಕೈಯಲ್ಲಿ ಹಿಡಿಯಲಿಲ್ಲ, ಯಾರೂ ಬೆರಳು ತೋರಿಸಬಾರದು ಅಂತ ಸಭೆಗಳು ಆರಿಸಿದವನನ್ನು ಜೊತೆಗೆ ಇಟ್ಟುಕೊಂಡ. ಕೊರಿಂಥದವರಿಗೂ ಅವನು ಬರೆದದ್ದು, ಇಬ್ಬರೋ ಮೂವರೋ ಪ್ರವಾದಿಸಲಿ, ಅಂದರೆ ದೇವರ ಮಾತು ಅಂತ ಹೇಳಲಿ, ಉಳಿದವರು ಅದನ್ನು ಪರೀಕ್ಷಿಸಲಿ ಅಂತ. ನಿಮ್ಮಲ್ಲಿ ಪರೀಕ್ಷಿಸುವವರು ಯಾರು?

ಪ್ರಶ್ನೆ ಕೇಳಿದರೆ ಅಲ್ಲಿಯವರು "ಅಭಿಷಿಕ್ತರ ಮೇಲೆ, ದೇವರು ಆರಿಸಿದವರ ಮೇಲೆ ಕೈ ಎತ್ತಬೇಡ" ಅನ್ನುತ್ತಾರಂತೆ, ನಿಮ್ಮವ್ವ ಹೇಳಿದಳು. ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲನ ಮೇಲೆ ದಾವೀದ ಕೈ ಎತ್ತಲಿಲ್ಲ, ನಿಜ. ಬಾಯಿ ಮುಚ್ಚಿಕೊಂಡೂ ಕೂರಲಿಲ್ಲ. ಗವಿಯಿಂದ ಹೊರಗೆ ಬಂದು, ಅಡ್ಡಬಿದ್ದು, ಸೌಲನ ನಿಲುವಂಗಿಯಿಂದ ಕತ್ತರಿಸಿದ ತುಂಡು ತೋರಿಸಿ, ನನ್ನನ್ನು ಯಾಕೆ ಬೆನ್ನಟ್ಟುತ್ತೀಯ ಅಂತ ಕೂಗಿ ಕೇಳಿದ. ಅಡ್ಡಬಿದ್ದದ್ದೂ ಅವನೇ, ಕೇಳಿದ್ದೂ ಅವನೇ. ಆ ಅಧ್ಯಾಯವನ್ನು ಪೂರ್ತಿ ಓದದೆ ನಮ್ಮ ಬಾಯಿ ಮುಚ್ಚಿಸುವವರು ಜಾಸ್ತಿ ಆಗಿದ್ದಾರೆ. "ನಾನು ಏನೂ ಅಲ್ಲ, ಎಲ್ಲ ಕರ್ತನ ಕೃಪೆ" ಅನ್ನುತ್ತಲೇ ಬ್ಯಾನರ್ ತುಂಬ ತಮ್ಮ ಫೋಟೋ ಹಾಕಿಸುವವರೂ ಅಷ್ಟೇ. ಇರಲಿ ಬಿಡು.

ಈ ಕಾಗದ ಇವತ್ತೇ ಬರೆಯಲು ಕಾರಣ ಬೇರೆ ಇದೆ. ನಿನ್ನೆ ಫೋನಿನಲ್ಲಿ ನಿಮ್ಮವ್ವ ಮಾತಿನ ನಡುವೆ, "ಬಿಪಿ ಮಾತ್ರೆ ಈಗ ದಿನಾ ತಗೊಳ್ಳೋದಿಲ್ಲ, ಪ್ರಾರ್ಥನೆ ಆದ ಮೇಲೆ ಆರಾಮ ಅದೀನಿ" ಅಂದಳು. ಯಾರು ಬಿಡು ಅಂದರು ಅಂತ ಕೇಳಿದೆ. ಯಾರೂ ಅಂದಿಲ್ಲವಂತೆ, ಮಾತ್ರೆ ನುಂಗಿದರೆ ವಿಶ್ವಾಸ ಕಡಿಮೆ ಅಂತ ಆಗುತ್ತದಂತೆ. ನೋಡು, ಇಷ್ಟು ವರ್ಷ ನರ್ಸ್ ಆಗಿ ವಾರ್ಡಿನಲ್ಲಿ ನಿಂತವಳು ನಾನು. ತಲೆನೋವು ಇಲ್ಲ, ಚಕ್ಕರ್ ಇಲ್ಲ ಅಂದರೆ ಬಿಪಿ ಇಳಿದಿದೆ ಅಂತ ಅರ್ಥ ಅಲ್ಲ. ಅದು ಸುಮ್ನೆ ಕೂತಿರುತ್ತದೆ. ಕೆಲವು ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ಬಿಪಿ ಮೊದಲಿಗಿಂತ ಮೇಲೆ ಹಾರುತ್ತದೆ. ಒಂದು ಕೈ, ಒಂದು ಕಾಲು ಹೋಗಿ, ಬಾಯಿ ಸೊಟ್ಟ ಆಗಿ ಬಂದವರನ್ನು ಎಷ್ಟೋ ಸಲ ಸ್ಟ್ರೆಚರ್‌ನಿಂದ ಇಳಿಸಿಕೊಂಡಿದ್ದೇನೆ. ಅವರಲ್ಲಿ ಪ್ರಾರ್ಥನೆ ಮಾಡದವರು ಯಾರೂ ಇರಲಿಲ್ಲ.

ಪ್ರಾರ್ಥನೆಯಿಂದ ವಾಸಿ ಆಗುವುದೇ ಇಲ್ಲ ಅಂತ ನಾನು ಹೇಳುವವಳಲ್ಲ, ನಿನಗೆ ಗೊತ್ತು. ಕುಷ್ಠರೋಗಿಯನ್ನು ಮುಟ್ಟಿ ಶುದ್ಧ ಮಾಡಿದ ಮೇಲೆ ಯೇಸುಸ್ವಾಮಿ ಅವನಿಗೆ ಹೇಳಿದ್ದೇನು? ಹೋಗಿ ಯಾಜಕನಿಗೆ ತೋರಿಸಿಕೋ ಅಂತ. ಆ ಕಾಲದಲ್ಲಿ ಮೈ ನೋಡಿ, ಹೌದು ವಾಸಿಯಾಗಿದೆ ಅಂತ ಹೇಳಬೇಕಾದವನು ಯಾಜಕನೇ. ನಿಮ್ಮವ್ವನಿಗೆ ಈಗ ಡಾಕ್ಟರು. ನಿಜವಾಗಿ ವಾಸಿಯಾಗಿದ್ದರೆ ಮಾತ್ರೆ ಅವರೇ ಕಡಿಮೆ ಮಾಡುತ್ತಾರೆ, ಅದಕ್ಕೆ ಹೆದರುವುದು ಯಾಕೆ?

ಆಕೆಗೆ ಬೈಯಬೇಡ. ಬೈದರೆ ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕಿ ನುಂಗಿದೆ ಅನ್ನುತ್ತಾಳೆ, ನನ್ನ ಅಕ್ಕನಲ್ವಾ, ನನಗೆ ಗೊತ್ತು. ಪಕ್ಕದಲ್ಲಿ ಕೂತು ಎಷ್ಟು ದಿನದಿಂದ ಬಿಟ್ಟಿದ್ದಾಳೆ ಅಂತ ಕೇಳು. ಮಾತ್ರೆ ಚೀಟಿಯ ಫೋಟೋ ಇವತ್ತೇ ಕಳಿಸು. ನಾಳೆ ಬೆಳಿಗ್ಗೆ ಏನೂ ತಿನ್ನುವ ಮುಂಚೆ, ಚಹಾನೂ ಕುಡಿಯುವ ಮುಂಚೆ, ಐದು ನಿಮಿಷ ಸುಮ್ಮನೆ ಕೂರಿಸಿ ಬಿಪಿ ನೋಡಿಸಿ ನನಗೆ ಫೋನ್ ಮಾಡು, ಆಮೇಲೆ ಆಕೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಆ ವಾಯ್ಸ್ ಮೆಸೇಜ್ ವಿಷಯ ಆಮೇಲೆ ಮಾತಾಡೋಣ. ಅಯ್ಯನವರ ಮನೆಗೆ ಹೋಗುವುದಾದರೆ ಹೇಳು, ನಾನೂ ಗದಗಿನಿಂದ ಬಸ್ಸು ಹತ್ತುತ್ತೇನೆ.

ನಿನ್ನ ಚಿಗವ್ವ